ಬಂದೂಕಿಗೆ ಲೈಟು ಕೂರಿಸುವ ಮುನ್ನ

ಪ್ರಶ್ನೆ: ನಾವು ಮೂಲತಃ ಕುಮಟಾ ಕಡೆಯವರು, ಈಗ ಗೋವಾದ ಫೋಂಡಾ ತಾಲ್ಲೂಕಿನಲ್ಲಿ ನೆಲೆಸಿದ್ದೇವೆ. ಅಡಿಕೆ ತೋಟದ ಅಂಚಿನಲ್ಲಿ ಹಳೆಯ ಹೆಂಚಿನ ಮನೆ, ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ ಯಾರೂ ಇಲ್ಲ. ಪರವಾನಗಿ ಇರುವ ಹನ್ನೆರಡು ಬೋರಿನ ಪಂಪ್ ಆ್ಯಕ್ಷನ್ ಬಂದೂಕು ಇದೆ, ತಂದೆಯವರ ಜೋಡುನಳಿಗೆ ಬಂದೂಕೂ ನನ್ನ ಹೆಸರಿಗೆ ಬಂದಿದೆ. ಮಳೆಗಾಲದಲ್ಲಿ ಕರೆಂಟು ಹೋದರೆ ಬೆಳಗಿನವರೆಗೆ ಬರುವುದಿಲ್ಲ. ಈಚೆಗೆ ಪಕ್ಕದ ವಾಡೆಯ ಮನೆಯೊಂದಕ್ಕೆ ರಾತ್ರಿ ಕಳ್ಳರು ನುಗ್ಗಿದ ಮೇಲೆ ಬಂದೂಕಿಗೆ ಲೈಟು ಕೂರಿಸಬೇಕೆಂದಿದ್ದೇನೆ. ಆನ್‌ಲೈನಿನಲ್ಲಿ ಐವತ್ತು ಸಾವಿರ ಲ್ಯೂಮೆನ್ ಎಂದು ಹೇಳಿಕೊಳ್ಳುವ ಟಾರ್ಚು, ಅದರ ಕ್ಲ್ಯಾಂಪು ಮತ್ತು ವೈರಿನ ಸ್ವಿಚ್ಚು ಸೇರಿ ಅಗ್ಗಕ್ಕೇ ಸಿಗುತ್ತದೆ. ಎಷ್ಟು ಲ್ಯೂಮೆನ್ ಬೇಕು? ಎಲ್ಲಿ ಕೂರಿಸಬೇಕು? ಕಾನೂನಿನ ತೊಡಕು ಇದೆಯೇ? ಮನೆಯಲ್ಲಿ ತಾಯಿ, ಹೆಂಡತಿ ಮತ್ತು ಮಗ ಇದ್ದಾರೆ. ಮಗನದು ಪಣಜಿಯಲ್ಲಿ ಪಾಳಿಯ ಕೆಲಸ, ಮನೆಗೆ ಬರುವಾಗ ಎಷ್ಟೋ ಸಲ ಮಧ್ಯರಾತ್ರಿ ದಾಟಿರುತ್ತದೆ.

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಮಗ ಮಧ್ಯರಾತ್ರಿ ಬರುತ್ತಾನೆ, ಕರೆಂಟು ಇಲ್ಲ, ಹಿತ್ತಿಲ ಬಾಗಿಲು ಸದ್ದಾಗುತ್ತದೆ. ಬಂದೂಕಿಗೆ ಬಿಗಿದ ಲೈಟು ನಳಿಗೆ ತಿರುಗಿದ ಕಡೆಗೇ ಬೀಳುತ್ತದೆ, ಬೇರೆಲ್ಲಿಗೂ ಬೀಳುವುದಿಲ್ಲ. ಬಂದವರು ಯಾರು ಎಂದು ನೋಡಲು ಅದನ್ನೇ ಹಚ್ಚಿದಿರಿ ಎಂದರೆ, ತೋಟಾ ತುಂಬಿದ ಬಂದೂಕನ್ನು ಮಗನ ಎದೆಗೆ ಹಿಡಿದಿದ್ದೀರಿ. ಬಂದೂಕಿನ ಲೈಟು ಹುಡುಕುವ ಸಾಧನವಲ್ಲ. ಎದುರಿಗಿರುವುದು ಅಪಾಯವೆಂದು ಬೇರೆ ದಾರಿಯಿಂದ ತಿಳಿದು, ಬಂದೂಕು ಎತ್ತದೆ ಗತ್ಯಂತರವಿಲ್ಲ ಎಂದಾದಾಗ, ಗುರಿಯನ್ನೂ ಗುರಿಯ ಹಿಂದಿರುವುದನ್ನೂ ಕಣ್ಣಾರೆ ಖಚಿತಪಡಿಸಿಕೊಳ್ಳಲು ಮಾತ್ರ ಅದು ಇರುವುದು.

ಆದ್ದರಿಂದ ದುಡ್ಡನ್ನು ಈ ಕ್ರಮದಲ್ಲಿ ಖರ್ಚು ಮಾಡಿ. ಮೊದಲು ಇನ್ವರ್ಟರಿನ ಮೇಲೆ ನಡೆಯುವ ಎರಡು ಎಲ್‌ಇಡಿ ಬಲ್ಬು: ಒಂದು ಹಿತ್ತಿಲ ಬಾಗಿಲ ಹೊರಗೆ, ಒಂದು ನಡುಮನೆಯಲ್ಲಿ. ಅವುಗಳ ಸ್ವಿಚ್ಚು ನಿಮ್ಮ ಮಂಚದಿಂದ ಕೈಗೆ ಎಟುಕಬೇಕು. ಸೌರ ದೀಪವನ್ನು ನೆಚ್ಚಿಕೊಳ್ಳಬೇಡಿ, ಆಷಾಢದ ಮೋಡದಲ್ಲಿ ಅದು ಸಂಜೆ ಎಂಟಕ್ಕೇ ಕಣ್ಣು ಮುಚ್ಚುತ್ತದೆ. ಆಮೇಲೆ ಪ್ರತಿಯೊಬ್ಬರ ದಿಂಬಿನ ಪಕ್ಕ ಒಂದೊಂದು ಒಳ್ಳೆಯ ಕೈಟಾರ್ಚು. ಮೂರನೆಯದು ಬಂದೂಕಿನ ಲೈಟು. ಮೂರನೆಯದೆಂದರೆ ಬೇಡವೆಂದಲ್ಲ. ಪಂಪ್ ಬಂದೂಕಿಗೆ ಎರಡೂ ಕೈ ಬೇಕು. ಒಂದರಲ್ಲಿ ಟಾರ್ಚು ಹಿಡಿದರೆ ಎರಡನೆಯ ತೋಟಾ ಏರಿಸುವುದು ಕಷ್ಟ. ಮೊದಲ ಎರಡು ಬೆಳಕು ಕೈಕೊಟ್ಟಾಗ ಮೂರನೆಯದಕ್ಕೆ ನಿಜವಾದ ಬೆಲೆ.

ಈಗ ಲ್ಯೂಮೆನ್ ವಿಚಾರ. ಐವತ್ತು ಸಾವಿರ ಎನ್ನುವುದು ಶುದ್ಧ ಸುಳ್ಳು. ಕಾರಿನ ಮಾಮೂಲಿ ಹ್ಯಾಲೊಜೆನ್ ಎಚ್4 ಬಲ್ಬು ಲೋ ಬೀಮಿನಲ್ಲಿ ಕೊಡುವುದು ಸುಮಾರು 1000 ಲ್ಯೂಮೆನ್, ಹೈ ಬೀಮಿನಲ್ಲಿ ಸುಮಾರು 1650. ಅಂಗೈಯಲ್ಲಿ ಹಿಡಿಸುವ, ಒಂದೇ ಸೆಲ್ಲಿನ ಟಾರ್ಚು ಹೈ ಬೀಮಿನಲ್ಲಿ ಉರಿಯುವ ಇಂಥ ಮೂವತ್ತು ಬಲ್ಬುಗಳ ಬೆಳಕು ಕೊಡುವುದಾದರೆ ಅದು ಕೈಯಲ್ಲೇ ಕರಗಿ ಹೋಗಬೇಕು. ಪೊಟ್ಟಣದ ಮೇಲೆ ಎಎನ್‌ಎಸ್‌ಐ ಎಫ್‌ಎಲ್1 ಎಂದು ಬರೆದಿದೆಯೇ ನೋಡಿ. ಅಮೆರಿಕದ ಈ ಮಾನದಂಡದ ಪ್ರಕಾರ ಅಳೆದಿದ್ದರೆ ಲೈಟು ಹಚ್ಚಿ ಕನಿಷ್ಠ ಮೂವತ್ತು ಸೆಕೆಂಡು ಕಳೆದ ಮೇಲಿನ ಬೆಳಕನ್ನು ಲೆಕ್ಕಕ್ಕೆ ಹಿಡಿದಿರುತ್ತಾರೆ, ಹಚ್ಚಿದ ಗಳಿಗೆಯ ಮಿಂಚನ್ನಲ್ಲ.

ಲ್ಯೂಮೆನ್ ಎಂದರೆ ಲೈಟಿನಿಂದ ಹೊರಬೀಳುವ ಒಟ್ಟು ಬೆಳಕು. ಆ ಬೆಳಕು ಎಷ್ಟು ಒತ್ತಾಗಿ ಮುಂದಕ್ಕೆ ಹೋಗುತ್ತದೆ ಎನ್ನುವುದಕ್ಕೆ ಕ್ಯಾಂಡೆಲಾ ಲೆಕ್ಕ. ನಿಮಗೆ ಎರಡೂ ಬೇಕು, ಎರಡೂ ಹಿತಮಿತವಾಗಿ ಸಾಕು. ಪೊಟ್ಟಣದಲ್ಲಿ ಕ್ಯಾಂಡೆಲಾ ಬರೆಯದಿದ್ದರೂ ಬೆಳಕು ಹೋಗುವ ದೂರವನ್ನು ಬರೆದಿರುತ್ತಾರೆ. ಆ ದೂರವನ್ನು ಎರಡರಿಂದ ಭಾಗಿಸಿ, ಬಂದ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ಕ್ಯಾಂಡೆಲಾ ಸಿಗುತ್ತದೆ: 200 ಮೀಟರ್ ಎಂದಿದ್ದರೆ 10,000 ಕ್ಯಾಂಡೆಲಾ. ಲ್ಯೂಮೆನ್ ದೊಡ್ಡದಾಗಿ ಬರೆದು ದೂರ ಬರೆಯದ ಸರಕನ್ನು ಮುಟ್ಟಬೇಡಿ. ನಿಮ್ಮ ಮನೆಯಲ್ಲಿ ಮಲಗುವ ಕೋಣೆಯಿಂದ ಹಿತ್ತಿಲ ಬಾಗಿಲಿಗೆ ಎಂಟು ಮೀಟರ್ ಎಂದಿಟ್ಟುಕೊಳ್ಳೋಣ. ದೂರದ ವರ್ಗದಿಂದ ಕ್ಯಾಂಡೆಲಾವನ್ನು ಭಾಗಿಸಿದರೆ ಅಲ್ಲಿ ಬೀಳುವ ಬೆಳಕು ತಿಳಿಯುತ್ತದೆ: 10,000ವನ್ನು 64ರಿಂದ ಭಾಗಿಸಿದರೆ ಸುಮಾರು 156 ಲಕ್ಸ್. ಮುಖ ಯಾರದು, ಕೈಯಲ್ಲಿರುವುದು ಕತ್ತಿಯೋ ಮೊಬೈಲೋ ಎಂದು ತಿಳಿಯಲು ಅಷ್ಟು ಧಾರಾಳ. ಅಂಗಳದ ಆಚೆಯ ಅಡಿಕೆ ಸಾಲಿನಲ್ಲಿ ನಿಂತವನನ್ನು ಬೆಳಗಿಸುವ ಲೈಟು ನಿಮಗೆ ಬೇಕಿಲ್ಲ, ಏಕೆಂದರೆ ಅಷ್ಟು ದೂರದಲ್ಲಿ ಇರುವವನ ಮೇಲೆ ಗುಂಡು ಹಾರಿಸುವ ಕಾರಣವೂ ನಿಮಗಿಲ್ಲ.

ಹೀಗಾಗಿ 500ರಿಂದ 1000 ಲ್ಯೂಮೆನ್, ಹತ್ತು ಸಾವಿರದ ಆಸುಪಾಸಿನ ಕ್ಯಾಂಡೆಲಾ. ಅದಕ್ಕಿಂತ ಹೆಚ್ಚಾದರೆ ಮನೆಯೊಳಗೆ ನಿಮ್ಮ ಕಣ್ಣಿಗೇ ತೊಂದರೆ. ಸುಣ್ಣ ಬಳಿದ ಬಿಳಿ ಗೋಡೆಗೆ ಎರಡು ಮೀಟರ್ ದೂರದಿಂದ ಬಿದ್ದ ಬೆಳಕು ಹಾಗೇ ತಿರುಗಿ ಬರುತ್ತದೆ. ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಕಣ್ಣಿಗೆ ಇಪ್ಪತ್ತು ಮೂವತ್ತು ನಿಮಿಷ ಬೇಕು, ಅದನ್ನು ಕಳೆದುಕೊಳ್ಳಲು ಒಂದು ಕ್ಷಣ ಸಾಕು. ಪುಸ್ತಕಗಳಲ್ಲಿ ಸಾಮಾನ್ಯವಾಗಿ ಲೈಟನ್ನು ಚಾವಣಿಗೆ ಹಿಡಿದು ಕೋಣೆಯೆಲ್ಲ ಬೆಳಗಿಸಿ ಎಂದು ಬರೆದಿರುತ್ತದೆ. ಅದು ಬಿಳಿ ಕಾಂಕ್ರೀಟ್ ಚಾವಣಿಯ ಫ್ಲ್ಯಾಟಿನಲ್ಲಿ ಕುಳಿತು ಬರೆದ ಮಾತು. ನಿಮ್ಮ ಹೊಗೆ ಹಿಡಿದ ಮಂಗಳೂರು ಹೆಂಚು ಮತ್ತು ಕರಿಮರದ ಜಂತಿಗಳು ಬೆಳಕನ್ನು ನುಂಗಿ ಸುಮ್ಮನಾಗುತ್ತವೆ. ನಿಮಗೆ ನೆಲವೇ ಗತಿ: ನಳಿಗೆಯನ್ನು ಕೆಳಗಿಳಿಸಿ, ನಿಮ್ಮಿಂದ ನಾಲ್ಕೈದು ಹೆಜ್ಜೆ ಮುಂದೆ ನೆಲಕ್ಕೆ ಬೆಳಕು ಬೀಳುವಂತೆ ಹಿಡಿದರೆ, ಅಂಚಿನ ಚೆಲ್ಲುಬೆಳಕಿನಲ್ಲೇ ಎದುರಿನವರ ಮುಖ ಮತ್ತು ಕೈ ಕಾಣುತ್ತವೆ, ಬಂದೂಕು ಅವರ ಮೇಲೆ ಇರುವುದಿಲ್ಲ. ಹಾಗಾಗಿ ಕೊಳ್ಳುವಾಗ ನಡುವಿನ ಚುಕ್ಕೆಯನ್ನಷ್ಟೇ ನೋಡದೆ ಅದರ ಸುತ್ತಲಿನ ಚೆಲ್ಲುಬೆಳಕು ಅಗಲವಾಗಿದೆಯೇ ನೋಡಿ. ಝೂಮ್ ಆಗುವ ಲೈಟು ಬೇಡ. ಅದರಲ್ಲಿ ಚೆಲ್ಲುಬೆಳಕೇ ಇರುವುದಿಲ್ಲ, ಜಾರುವ ತಲೆಯ ಸಂದಿನಲ್ಲಿ ನೀರು ಸೇರುತ್ತದೆ. ನೀಲಿ ಛಾಯೆಯ ಬಿಳುಪಿಗಿಂತ ತುಸು ಹಳದಿಯತ್ತ ಇರುವ ಬಿಳುಪಿನಲ್ಲಿ ಬಟ್ಟೆಯ ಬಣ್ಣ ಸರಿಯಾಗಿ ಗೊತ್ತಾಗುತ್ತದೆ.

ಅಗ್ಗದ ಟಾರ್ಚಿನ ನಿಜವಾದ ದೋಷ ಸುಳ್ಳು ಲ್ಯೂಮೆನ್ ಅಲ್ಲ, ಅದು ಹಿನ್ನೊದೆತವನ್ನು ತಾಳಲಾರದು ಎನ್ನುವುದು. ಹನ್ನೆರಡು ಬೋರು ಹಾರಿದಾಗ ಬಂದೂಕು ಹಿಂದಕ್ಕೆ ನೆಗೆಯುತ್ತದೆ, ಒಳಗಿನ ಸೆಲ್ಲು ಇದ್ದಲ್ಲೇ ಇರಲು ನೋಡುತ್ತದೆ. ಸ್ಪ್ರಿಂಗು ಒಂದೇ ತುದಿಯಲ್ಲಿದ್ದರೆ ಕಣ್ಣು ಮಿಟುಕಿಸುವುದರೊಳಗೆ ಸಂಪರ್ಕ ಕಡಿದು ಮತ್ತೆ ಕೂಡುತ್ತದೆ. ಜೋರು, ಮಂದ, ಮಿನುಗು ಎಂದು ಹಲವು ಮೋಡುಗಳಿರುವ ಟಾರ್ಚಿನ ಎಲೆಕ್ಟ್ರಾನಿಕ್ ಚಿಪ್ ಈ ಕಡಿತವನ್ನು ನೀವು ಸ್ವಿಚ್ಚು ಒತ್ತಿದಿರಿ ಎಂದೇ ತಿಳಿದು ಮುಂದಿನ ಮೋಡಿಗೆ ಜಾರುತ್ತದೆ. ಇಲ್ಲಿ ಪುಣೆಯಲ್ಲಿ ಶೂಟಿಂಗ್ ರೇಂಜಿಗೆ ಬರುವ ಗೆಳೆಯರೊಬ್ಬರು ನೀವು ಹೇಳಿದಂಥದೇ ಟಾರ್ಚನ್ನು ಕ್ಲ್ಯಾಂಪು ಹಾಕಿ ತಂದಿದ್ದರು. ಮೊದಲ ಗುಂಡಿಗೆ ಬೆಳಕು ಅರ್ಧಕ್ಕಿಳಿಯಿತು. ಎರಡನೆಯದಕ್ಕೆ ಪಟಪಟನೆ ಮಿನುಗತೊಡಗಿತು. ಮೂರನೆಯ ಗುಂಡಿನ ಮೇಲೆ ಎಸ್‌ಒಎಸ್ ಸಂಕೇತ, ಮೂರು ಗಿಡ್ಡ, ಮೂರು ಉದ್ದ, ಮತ್ತೆ ಮೂರು ಗಿಡ್ಡ. ಟಾರ್ಚೇ ಸಹಾಯಕ್ಕೆ ಮೊರೆಯಿಡುತ್ತಿತ್ತು. ನಾವು ನಕ್ಕೆವು. ರಾತ್ರಿ ಮನೆಯಲ್ಲಿ ಆಗಿದ್ದರೆ ನಗು ಬರುತ್ತಿರಲಿಲ್ಲ.

ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಲೈಟು ಹಚ್ಚಿ, ಅದರ ಬಾಲವನ್ನು ಅಂಗೈಗೆ ಬಲವಾಗಿ ಕುಟ್ಟಿ. ಆಮೇಲೆ ತಲೆಯ ಭಾಗವನ್ನು. ಒಮ್ಮೆ ಮಿಟುಕಿದರೂ ಅಲ್ಲೇ ಬಿಟ್ಟು ಬನ್ನಿ. ಸೆಲ್ಲಿನ ಎರಡೂ ತುದಿಗೆ ಸ್ಪ್ರಿಂಗ್ ಇರಲಿ. ಮೋಡು ಒಂದೇ ಇರಲಿ: ಹಚ್ಚು, ಆರಿಸು. ಮಿನುಗುವ ಬೆಳಕು ಕಳ್ಳನ ಕಣ್ಣು ಕುಕ್ಕುತ್ತದೆ ಎಂದು ಮಾರುವವರು ಹೇಳುತ್ತಾರೆ. ಇಕ್ಕಟ್ಟಾದ ನಡುಮನೆಯಲ್ಲಿ ಅದು ನಿಮ್ಮ ಕಣ್ಣನ್ನೂ ಕುಕ್ಕುತ್ತದೆ, ಎದುರಿನವನ ಕೈ ಎತ್ತ ಚಲಿಸಿತು ಎಂದು ತಿಳಿಯದಂತೆ ಮಾಡುತ್ತದೆ. ನೀರಿನ ವಿಷಯದಲ್ಲಿ ಐಪಿಎಕ್ಸ್4 ಎಂದರೆ ಎರಚಲಿಗೆ ತಡೆ ಮಾತ್ರ. ಐಪಿಎಕ್ಸ್7 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ. ಗೋವಾದ ಮಳೆಗೆ ಎರಡನೆಯದು.

ಎಲ್ಲಿ ಕೂರಿಸಬೇಕು ಎನ್ನುವ ಪ್ರಶ್ನೆಗೆ ಪಂಪ್ ಬಂದೂಕಿನಲ್ಲಿ ಸುಲಭದ ಉತ್ತರವಿಲ್ಲ. ನಿಮ್ಮ ಎಡಗೈ ಹಿಡಿದಿರುವ ಫೋರ್‌ಎಂಡು ಹಿಂದೆ ಮುಂದೆ ಜಾರುವಂಥದು. ಲೈಟನ್ನು ನಳಿಗೆಗೆ ಕಟ್ಟಿ ವೈರಿನ ಸ್ವಿಚ್ಚನ್ನು ಫೋರ್‌ಎಂಡಿಗೆ ಅಂಟಿಸಿದರೆ ಪ್ರತಿ ಸಲ ಪಂಪ್ ಮಾಡಿದಾಗಲೂ ವೈರು ಎಳೆಯುತ್ತದೆ, ಒಂದು ದಿನ ಸಿಕ್ಕಿಕೊಂಡು ಬಂದೂಕೇ ಅರ್ಧದಲ್ಲಿ ನಿಲ್ಲುತ್ತದೆ. ಮೇಲಾಗಿ ನಿಮ್ಮ ಕಡೆಯ ಆರ್ದ್ರತೆಯಲ್ಲಿ ಅಂಟು ಒಂದು ಮಳೆಗಾಲ ದಾಟುವುದಿಲ್ಲ. ಆ ಸ್ವಿಚ್ಚನ್ನು ಮರೆತುಬಿಡಿ.

ಎಲ್ಲಕ್ಕಿಂತ ಚೆಂದದ ಏರ್ಪಾಡೆಂದರೆ ಲೈಟು ಫೋರ್‌ಎಂಡಿನ ಒಳಗೇ ಇರುವುದು. ಸ್ಟ್ರೀಮ್‌ಲೈಟ್ ಕಂಪನಿಯ ಟಿಎಲ್ ರ‍್ಯಾಕರ್ ಅಂಥದು, 1000 ಲ್ಯೂಮೆನ್ ಕೊಡುತ್ತದೆ. ಶ್ಯೂರ್‌ಫೈರ್ ಕಂಪನಿಯ ಇದೇ ಬಗೆಯದು 600. ಆದರೆ ಇವು ರೆಮಿಂಗ್ಟನ್ 870, ಮಾಸ್‌ಬರ್ಗ್ 500 ಮತ್ತು 590ರಂಥ ಅಮೆರಿಕದ ಬಂದೂಕುಗಳ ಅಳತೆಗೆ ಮಾಡಿದವು. ನಿಮ್ಮದು ಇಲ್ಲಿಯ ತಯಾರಿಕೆಯಾಗಿದ್ದರೆ ಅರದಿಂದ ಉಜ್ಜಿ ಹೊಂದಿಸಲು ಹೋಗಬೇಡಿ. ಜಾರುವ ಸರಳುಗಳು ಒಂದಿಷ್ಟು ಸೊಟ್ಟಗಾದರೂ ತೋಟಾ ಸರಿಯಾಗಿ ಏರುವುದಿಲ್ಲ.

ಉಳಿಯುವುದು ನಳಿಗೆಯ ಕೆಳಗಿರುವ, ತೋಟಾ ತುಂಬುವ ಮ್ಯಾಗಜೀನ್ ಕೊಳವೆ. ಕ್ಲ್ಯಾಂಪನ್ನು ಕೊಳವೆಗೇ ಹಾಕಿಸಿ, ನಳಿಗೆಗಲ್ಲ. ಹನ್ನೆರಡು ಬೋರಿನ ನಳಿಗೆ ಬಾಯಿಯ ಹತ್ತಿರ ಒಂದು ಮಿಲಿಮೀಟರಿನ ಆಸುಪಾಸಿನಷ್ಟೇ ದಪ್ಪ ಇರುತ್ತದೆ, ಕ್ಲ್ಯಾಂಪನ್ನು ಅತಿಯಾಗಿ ಬಿಗಿದರೆ ತಗ್ಗು ಬೀಳಬಹುದು. ಫೋರ್‌ಎಂಡನ್ನು ಪೂರ್ತಿ ಮುಂದಕ್ಕೆ ತಳ್ಳಿದಾಗ ಎಡಗೈ ಹೆಬ್ಬೆರಳು ಲೈಟಿನ ಬಾಲದ ಸ್ವಿಚ್ಚಿಗೆ ಸಲೀಸಾಗಿ ಮುಟ್ಟಬೇಕು. ಆದರೆ ಪಂಪ್ ಮಾಡುವಾಗ ಕೈ ತಾಗಿ ತಾನಾಗಿ ಹತ್ತಬಾರದು. ಎರಡೂ ಆಗುವ ಜಾಗ ಒಂದು ಬೆರಳಿನಗಲದಷ್ಟೇ ಇರುತ್ತದೆ, ಅದನ್ನು ಹುಡುಕಲು ಒಂದು ಸಂಜೆ ಕೊಡಿ. ಒತ್ತಿದಷ್ಟು ಹೊತ್ತು ಮಾತ್ರ ಉರಿಯುವ ಸ್ವಿಚ್ಚು ಬೇಕು. ಲೈಟಿನ ಮೂತಿ ನಳಿಗೆಯ ಬಾಯಿಗಿಂತ ಸ್ವಲ್ಪ ಹಿಂದೆಯೇ ಇರಲಿ, ಮುಂದೆ ಚಾಚಿದರೆ ಸ್ಫೋಟದ ಹೊಡೆತ ಗಾಜಿಗೆ ಬೀಳುತ್ತದೆ. ಸ್ವಲ್ಪ ಹಿಂದಿದ್ದರೂ ಗಾಜಿಗೆ ಮಸಿ ಕೂರುವುದು ಖಂಡಿತ, ಹಾರಿಸಿದ ದಿನವೇ ಒರೆಸಿ. ಸ್ಕ್ರೂಗಳಿಗೆ ನಟ್ಟು ಸಡಿಲವಾಗದಂತೆ ಹಾಕುವ ಅಂಟು ಹಚ್ಚಿ ಬಿಗಿಸಿ, ಸ್ಕ್ರೂ ಮತ್ತು ಕ್ಲ್ಯಾಂಪು ಎರಡರ ಮೇಲೂ ಹಾಯುವಂತೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ಮುರಿದು ಕಂಡರೆ ಸ್ಕ್ರೂ ತಿರುಗಿದೆ ಎಂದು ದೂರದಿಂದಲೇ ಗೊತ್ತಾಗುತ್ತದೆ. ಸೇನೆಯ ವರ್ಕ್‌ಶಾಪಿನಲ್ಲಿ ಕಲಿತ ಈ ಗೆರೆಯನ್ನು ನಾನು ಈಗ ಮನೆಯ ಫ್ಯಾನಿಗೂ ಎಳೆಯುತ್ತೇನೆ, ಹೆಂಡತಿ ಬೈಯುತ್ತಾಳೆ.

ಬಲಗೈಗೆ ಲೈಟಿನ ಯಾವ ಕೆಲಸವನ್ನೂ ಕೊಡಬೇಡಿ. ಗಾಬರಿಯಲ್ಲಿ ಒಂದು ಬೆರಳು ಒತ್ತಲು ಹೋದಾಗ ಇನ್ನೊಂದೂ ಮಡಚಿಕೊಳ್ಳುತ್ತದೆ. ಟ್ರಿಗರಿನ ಕೈ ಟ್ರಿಗರಿಗೆ ಮೀಸಲು, ಅದೂ ಗುಂಡು ಹಾರಿಸಲು ನಿರ್ಧರಿಸುವ ತನಕ ಬೆರಳು ಟ್ರಿಗರ್ ಗಾರ್ಡಿನ ಹೊರಗೆ.

ಸೆಲ್ಲಿನ ಬಗ್ಗೆ ಒಂದೆರಡು ಮಾತು. ಮೂರು ವೋಲ್ಟಿನ ಸಿಆರ್123ಎ ಲಿಥಿಯಂ ಸೆಲ್ಲು ಸುಮಾರು ಹತ್ತು ವರ್ಷ ಕೆಡದೆ ಕೂರುತ್ತದೆ, ವರ್ಷಕ್ಕೊಮ್ಮೆ ಮುಟ್ಟುವ ಲೈಟಿಗೆ ಅದೇ ಸರಿ. ಹಳೆಯದನ್ನೂ ಹೊಸದನ್ನೂ ಬೆರೆಸಿ ಹಾಕಬೇಡಿ, ಬಿಸಿಯಾಗಿ ಒಡೆದದ್ದುಂಟು. ಮಾಮೂಲಿ ಆಲ್ಕಲೈನ್ ಸೆಲ್ಲು ಸೋರಿ ಸಂಪರ್ಕವನ್ನು ತಿನ್ನುತ್ತದೆ. ಚಾರ್ಜ್ ಮಾಡುವ, 18650 ಎಂಬ ಅಳತೆಯ ಸೆಲ್ಲಾದರೂ ಆಗಬಹುದು. ಒಳ್ಳೆಯ ಸೆಲ್ಲುಗಳ ಸಾಮರ್ಥ್ಯ ಸುಮಾರು 3500 ಎಂಎಎಚ್, ಅದರ ಮೇಲೆ 9900 ಎಂದು ಬರೆದಿದ್ದರೆ ಅದೂ ನಿಮ್ಮ ಐವತ್ತು ಸಾವಿರ ಲ್ಯೂಮೆನ್ ಅಂಗಡಿಯದೇ. ಬದಲಾಯಿಸಲು ಒಂದು ದಿನ ಗೊತ್ತು ಮಾಡಿಕೊಳ್ಳಿ. ಆಯುಧ ಪೂಜೆಗೆ ಬಂದೂಕು ಹೇಗೂ ಹೊರಗೆ ಬರುತ್ತದೆ: ಹೊಸ ಸೆಲ್ಲು ಬಂದೂಕಿಗೆ, ಹಳೆಯದು ಅದೇ ಅಳತೆಯ ಕೈಟಾರ್ಚಿಗೆ. ಪೂಜೆಯ ಒದ್ದೆ ಹೂವು, ಕುಂಕುಮವನ್ನು ಸಂಜೆಯೊಳಗೆ ತೆಗೆದು ಎಣ್ಣೆ ಒರೆಸಿ, ರಾತ್ರಿ ಬಿಟ್ಟರೆ ಬೆಳಿಗ್ಗೆ ಕಂದು ಕಲೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಕ್ಲ್ಯಾಂಪನ್ನೇ ಬಿಚ್ಚಬೇಕು. ಅಲ್ಯೂಮಿನಿಯಂ ಕ್ಲ್ಯಾಂಪು, ಉಕ್ಕಿನ ಕೊಳವೆ, ನಡುವೆ ಉಪ್ಪುಗಾಳಿಯ ತೇವ ಮೂರೂ ಸೇರಿದರೆ ಕೆಳಗೆ ಉಂಗುರದ ಹಾಗೆ ತುಕ್ಕು ಹಿಡಿಯುತ್ತದೆ, ಹೊರಗಿನಿಂದ ಕಾಣಿಸುವುದಿಲ್ಲ.

ಕಾನೂನಿನ ವಿಚಾರದಲ್ಲಿ ಮುಖ್ಯವಾದುದು ಲೈಟಲ್ಲ, ಅದನ್ನು ಕೂರಿಸುವ ನೆಪದಲ್ಲಿ ಬಂದೂಕಿಗೆ ಮಾಡುವ ಕೆಲಸ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಬಂದೂಕಿನ ದುರಸ್ತಿ, ಮಾರ್ಪಾಡಿಗೆ ಪರವಾನಗಿ ಇರಬೇಕು. ಆದ್ದರಿಂದ ತೂತು ಕೊರೆಯುವುದು, ಬೆಸುಗೆ ಹಾಕಿಸುವುದು ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಆಗುವ ಕೆಲಸವಲ್ಲ. ಲೈಟಿಗೆ ಹೊಂದಲಿ ಎಂದು ನಳಿಗೆ ಮೊಟಕುಗೊಳಿಸಲು ಯಾರಾದರೂ ಸಲಹೆ ಕೊಟ್ಟರೆ ಅವರ ಮಾತು ಕೇಳಬೇಡಿ. 6ನೇ ಕಲಮು ಅದಕ್ಕೇ ಇದೆ, ಇಪ್ಪತ್ತು ಇಂಚಿಗಿಂತ ಗಿಡ್ಡ ನಳಿಗೆಯೆಂದರೆ ಬೇರೆಯೇ ಅಪರಾಧದ ಮಾತು. ಬಿಚ್ಚಿ ಹಾಕಬಹುದಾದ ಕ್ಲ್ಯಾಂಪೇ ಕ್ಷೇಮ. ಆದರೂ ಪರವಾನಗಿ ಕೊಟ್ಟ ಕಚೇರಿಗೆ ಒಂದು ಪತ್ರ ಬರೆದು ಉತ್ತರವನ್ನು ಕಡತದಲ್ಲಿಡಿ. ಚುನಾವಣೆಗೆ ಬಂದೂಕನ್ನು ಠಾಣೆಯಲ್ಲಿ ಇಡಬೇಕಾಗಿ ಬಂದಾಗ ಲೈಟು ಬಿಚ್ಚಿಟ್ಟುಕೊಂಡು ಬಂದೂಕನ್ನಷ್ಟೇ ಕೊಡಿ. ರಸೀತಿಯಲ್ಲಿ ಇಲ್ಲದ ಸಾಮಾನು ವಾಪಸು ಬರುವುದು ಅವರವರ ಪುಣ್ಯ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕಿನ ಬಗ್ಗೆ ಇವೆ. ಸೂರ್ಯಾಸ್ತದಿಂದ ಸೂರ್ಯೋದಯದೊಳಗೆ ಮನೆಗೆ ಕನ್ನ ಹಾಕಿ ನುಗ್ಗಿದವರ ವಿಷಯವನ್ನು 41ನೇ ಕಲಮು ಹೆಸರಿಸುತ್ತದೆ. ಜನ ಅಷ್ಟನ್ನೇ ಓದಿ ನಿಲ್ಲಿಸುತ್ತಾರೆ. 37ನೇ ಕಲಮನ್ನೂ ಓದಿ: ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಆ ಹಕ್ಕು ಇಲ್ಲ, ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚು ಹಾನಿ ಮಾಡುವ ಹಕ್ಕೂ ಇಲ್ಲ. ಓಡುತ್ತಿರುವವನ ಬೆನ್ನು ನಿಮ್ಮ ಲೈಟಿನಲ್ಲಿ ಎಷ್ಟೇ ಚೆನ್ನಾಗಿ ಕಂಡರೂ ಅದು ಗುರಿಯಲ್ಲ.

ಲೈಟು ಬಂದ ಮೇಲೆ ಒಂದು ರಾತ್ರಿ ಮನೆಯವರನ್ನೆಲ್ಲ ಸೇರಿಸಿ ಅಭ್ಯಾಸ ಮಾಡಿ, ಬಂದೂಕಿಲ್ಲದೆ. ಸದ್ದಾದರೆ ತಾಯಿ ಮತ್ತು ಹೆಂಡತಿ ನಿಮ್ಮ ಕೋಣೆಗೆ ಬರಬೇಕು, ಬಾಗಿಲು ಹಾಕಬೇಕು, ಒಬ್ಬರು 112ಕ್ಕೆ ಕರೆ ಮಾಡಬೇಕು. ನೀವು ಮನೆ ಶೋಧಿಸಲು ಹೊರಡಬಾರದು. ಬಾಗಿಲ ಹಿಂದಿನಿಂದ ಗಟ್ಟಿಯಾಗಿ 'ಯಾರದು' ಎಂದು ಕನ್ನಡದಲ್ಲೂ 'ಕೋಣ್ ತೊ' ಎಂದು ಕೊಂಕಣಿಯಲ್ಲೂ ಕೇಳಿ. ಮಗ ಗೇಟಿನಲ್ಲೇ ಫೋನ್ ಮಾಡಿ ಒಳಗೆ ಬರುವುದನ್ನು ರೂಢಿ ಮಾಡಿಕೊಳ್ಳಲಿ, ಫೋನ್ ಸತ್ತಿದ್ದರೆ ಕೂಗಿ ಹೇಳಲು ಮನೆಯವರಿಗಷ್ಟೇ ಗೊತ್ತಿರುವ ಒಂದು ಪದ ಇರಲಿ. ಯಾವ ಲೈಟೂ ಇಷ್ಟು ಕೆಲಸ ಮಾಡುವುದಿಲ್ಲ. ನಿಮ್ಮ ಹೊರಗೋಡೆ ಜಂಬಿಟ್ಟಿಗೆಯದಾದರೂ ಒಳಗಿನ ಪ್ಲೈವುಡ್ ಅಡ್ಡಗೋಡೆ, ಹಲಗೆಯ ಬಾಗಿಲು ಎಲ್‌ಜಿ, ಎಸ್‌ಜಿ ಎಂಬ ದಪ್ಪ ಚರೆಗಳನ್ನು ತಡೆಯುವುದಿಲ್ಲ. ಆರೇಳು ಮೀಟರಿನಲ್ಲಿ ಆ ಚರೆಗಳು ಹರಡುವುದು ಒಂದು ಗೇಣಿನ ಒಳಗೇ. ಬಂದೂಕು ಅತ್ತ ತಿರುಗಿಸಿದರೆ ಸಾಕು, ಗುರಿ ಬೇಕಿಲ್ಲ ಎನ್ನುವವರು ಬಯಲಿನಲ್ಲಿ ಹಕ್ಕಿ ಹೊಡೆದವರು. ಬೆಳಕಿನ ಚುಕ್ಕೆಯನ್ನೂ ಗುರಿ ಎಂದುಕೊಳ್ಳಬೇಡಿ. ಲೈಟು ನಳಿಗೆಯ ಕೆಳಗಿರುವುದರಿಂದ ಹತ್ತಿರದಲ್ಲಿ ಚುಕ್ಕೆಯೂ ಚರೆಯೂ ಒಂದೇ ಕಡೆ ಬೀಳುವುದಿಲ್ಲ. ಲೈಟು ಕೂರಿಸಿದ ಮೇಲೆ ರೇಂಜಿನಲ್ಲಿ ಒಂದು ಪೊಟ್ಟಣ ತೋಟಾ ಹಾರಿಸಿ, ಸ್ಕ್ರೂವಿನ ಬಿಳಿ ಗೆರೆ ನೋಡಿ. ಆಮೇಲೆ ನಂಬಿ.

ತಂದೆಯವರ ಜೋಡುನಳಿಗೆಗೆ ಏನನ್ನೂ ಕಟ್ಟಬೇಡಿ. ಎರಡು ನಳಿಗೆಗಳ ನಡುವಿನ ಪಟ್ಟಿಯನ್ನು ಬೆಸುಗೆಯಿಂದ ಕೂಡಿಸಿರುತ್ತಾರೆ, ಕ್ಲ್ಯಾಂಪಿನ ಒತ್ತಡಕ್ಕೆ ಹಳೆಯ ಬೆಸುಗೆ ಬಿಡುತ್ತದೆ, ಒಮ್ಮೆ ನೀರು ಒಳಗೆ ಸೇರಿದರೆ ಕಾಣದ ಕಡೆಯಿಂದ ನಳಿಗೆ ತುಕ್ಕು ತಿನ್ನುತ್ತದೆ. ಅದನ್ನು ಎಣ್ಣೆ ಹಚ್ಚಿ, ತೋಟಾ ಬೇರೆ ಬೀಗದಲ್ಲಿಟ್ಟು, ಕಪಾಟಿನಲ್ಲಿ ಇಡಿ. ಬಂದೂಕನ್ನು ಚರ್ಮದ ಚೀಲದೊಳಗಂತೂ ಇಡಬೇಡಿ, ಚರ್ಮ ತೇವ ಹೀರುತ್ತದೆ.